ಶ್ರವಣ ಸಾಧನ ಹಾಕುವ ಮಗು ಕ್ಲಾಸಲ್ಲಿದ್ದರೆ ಮೈಕ್ ಎಲ್ಲಿರಬೇಕು?

ಕಾಸರಗೋಡು, ಮಂಜೇಶ್ವರ ಕಡೆಯ ಟೀಚರು, ಮಾಸ್ಟ್ರುಗಳೇ, ಮಗುವಿನ ಶ್ರವಣ ಸಾಧನಕ್ಕೆ ಜೋಡಿಸಿದ ವೈರ್‌ಲೆಸ್ ಮೈಕನ್ನು ಮೇಜಿನ ಮೇಲೆ ಇಡಬೇಡಿ. ನಿಮ್ಮ ಬಾಯಿಂದ ಒಂದು ಗೇಣು ಕೆಳಗೆ, ಅಂದರೆ 15-20 ಸೆಂಟಿಮೀಟರ್ ದೂರದಲ್ಲಿ, ಎದೆಯ ನಡುವೆ ಸಿಕ್ಕಿಸಿ. ದೂರ ಎರಡು ಪಟ್ಟಾದರೆ ಮಾತಿನ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಶೀಟಿನ ಮಾಡಿನ ಮೇಲೆ ಬೀಳುವ ಮಳೆಯ ಗದ್ದಲ ಮಾತ್ರ ಇಳಿಯುವುದಿಲ್ಲ. ಸಾಧನದ ವಾಲ್ಯೂಮ್ ಏರಿಸಿದರೆ ಎರಡೂ ಏರುತ್ತವೆ, ಮೈಕ್ ಹತ್ತಿರವಿದ್ದರೆ ಮಾತೇ ಮೇಲಾಗುತ್ತದೆ. ಸರ, ಸೆರಗು, ಐಡಿ ಕಾರ್ಡ್ ಅದಕ್ಕೆ ತಾಗಬಾರದು. ಆ ಕರಕರ ನೇರ ಮಗುವಿನ ಕಿವಿಗೆ ಹೋಗುತ್ತದೆ. ಹಿಂದಿನ ಬೆಂಚಿನವರು ಉತ್ತರ ಹೇಳುವಾಗ ಈ ಉಪಾಯ ಕೈಕೊಡುತ್ತದೆ. ಆಗ ಮೈಕನ್ನು ಅವರ ಕೈಗೆ ಕೊಡಿ, ಇಲ್ಲವೇ ಆ ಉತ್ತರವನ್ನು ನೀವೇ ಇನ್ನೊಮ್ಮೆ ಹೇಳಿ. ಸ್ಟಾಫ್ ರೂಮಿಗೆ ಹೋಗುವಾಗ ಮ್ಯೂಟ್ ಮಾಡಿ, ಅಲ್ಲಿನ ಮಾತೂ ಮಗುವಿಗೆ ಕೇಳಿಸಬಹುದು ಅಲ್ವಾ. ಇನ್ನೊಂದು, ಮೈಕ್ ಸರಿ ಇದೆಯಾ ಅಂತ ನೋಡಲು ಬೆಳಗ್ಗೆ ತುಟಿ ಕಾಣದ ಹಾಗೆ ಬೆನ್ನು ತಿರುಗಿಸಿ ನಿಂತು ಒಂದೆರಡು ಪದ ಹೇಳಿ, ಮಗುವಿನಿಂದ ತಿರುಗಿ ಹೇಳಿಸಿ. "ಕೇಳಿಸ್ತದಾ?" ಅಂತ ಕೇಳಿದರೆ ಮಕ್ಕಳು ಸುಮ್ನೆ ತಲೆ ಆಡಿಸಿಬಿಡುತ್ತಾರೆ.