ಕೆರೆಯ ನೀರು ನೂರು ದಿನ ಬರಬೇಕಾದಾಗ: ಹಂಚಿಕೆಯ ಸಭೆ ನಡೆಸುವ ಬಗೆ

ನವಲಗುಂದ, ನರಗುಂದ, ರೋಣ ತಾಲ್ಲೂಕುಗಳ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಬಾವಿ ತೋಡಿದರೆ ಬಹಳ ಕಡೆ ಸವಳು (ಉಪ್ಪು) ನೀರೇ ಬರುತ್ತದೆ. ಹೀಗಾಗಿ ಈ ಭಾಗದ ಎಷ್ಟೋ ಹಳ್ಳಿಗಳು ಕುಡಿಯುವ ನೀರಿಗೆ ಊರ ಕೆರೆಯನ್ನು ನಂಬಿಕೊಂಡು ಬಂದಿವೆ. ಮಲಪ್ರಭೆಯ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳುವುದು, ಮುಂದಿನ ಸರದಿಯವರೆಗೆ ಅದರಲ್ಲಿಯೇ ದಿನ ಕಳೆಯುವುದು ಇಲ್ಲಿನ ಪದ್ಧತಿ. ಮಳೆ ಕೈಕೊಟ್ಟ ವರ್ಷ ನವಿಲುತೀರ್ಥದ ಅಣೆಕಟ್ಟಿನಿಂದ ಕುಡಿಯಲಿಕ್ಕೆಂದು ಮಾತ್ರ ನೀರು ಬಿಡುತ್ತಾರೆ. ಆ ನೀರು ಕಾಲುವೆಯ ಮೇಲ್ಭಾಗದ ಪಂಪ್‌ಸೆಟ್ಟುಗಳನ್ನು ದಾಟಿ ಕೊನೆಯ ಊರಿನ ಕೆರೆಗೆ ಬರುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಆಗ ಪ್ರತಿ ಊರಿನಲ್ಲಿಯೂ ಒಂದು ಸಭೆ ಸೇರುತ್ತದೆ. ಶಾಲಾ ಮಾಸ್ತರನಾಗಿದ್ದ ನಾನು ಇಂಥ ಹಲವು ಸಭೆಗಳಲ್ಲಿ ಕೂತಿದ್ದೇನೆ, ಕೆಲವನ್ನು ನಡೆಸಿಕೊಟ್ಟಿದ್ದೇನೆ, ಒಂದನ್ನು ಪೂರ್ತಿ ಕೆಡಿಸಿದ್ದೇನೆ. ಸಭೆ ಕರೆಯುವ ಹೊಣೆ ಹೊತ್ತವರಿಗೆ ಉಪಯೋಗಕ್ಕೆ ಬರಲೆಂದು ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಟ್ಟ ಸಭೆಯಿಂದಲೇ ಆರಂಭಿಸುತ್ತೇನೆ. ಅಂದು ನಾನು ನೇರವಾಗಿ ‘ನೀರನ್ನು ಹೇಗೆ ಹಂಚಿಕೊಳ್ಳೋಣ’ ಎಂದು ಕೇಳಿಬಿಟ್ಟೆ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಎರಡು ತಿಂಗಳಿಗೆ ಸಾಕೆಂದರು, ಇನ್ನೊಬ್ಬರು ಹದಿನೈದು ದಿನಕ್ಕೂ ಬರುವುದಿಲ್ಲವೆಂದರು. ಇಬ್ಬರೂ ತಮ್ಮ ಊಹೆಗೆ ಒಪ್ಪುವ ಹಂಚಿಕೆಯನ್ನೇ ನ್ಯಾಯವೆಂದು ವಾದಿಸಿದರು. ಎರಡು ತಾಸಿನ ನಂತರ ಹಳೆಯ ಹೊಲದ ಬದುವಿನ ಜಗಳವೂ ನಡುವೆ ಬಂದು ಜನ ಎದ್ದು ಹೋದರು. ಅಂದಿನಿಂದ ನಾನು ಅಳತೆಯಾಗುವ ತನಕ ಸಭೆ ಕರೆಯುವುದನ್ನು ಬಿಟ್ಟಿದ್ದೇನೆ.

ಅಳತೆ ಕಷ್ಟದ ಕೆಲಸವಲ್ಲ, ಆದರೆ ಅದನ್ನು ಎಲ್ಲರ ಕಣ್ಣೆದುರು ಮಾಡಬೇಕು. ಪ್ರತಿ ಓಣಿಯಿಂದ ಒಬ್ಬೊಬ್ಬರನ್ನು ಕರೆದುಕೊಳ್ಳಿ, ಅವರಲ್ಲಿ ಅರ್ಧದಷ್ಟು ನೀರು ಹೊರುವ ಹೆಣ್ಣುಮಕ್ಕಳಿರಲಿ, ಕೆರೆಯ ನೀರು ಬಿಡುವ ನೀರಗಂಟಿ ಕಡ್ಡಾಯವಾಗಿ ಇರಲಿ. ನೀರು ನಿಂತ ಜಾಗವನ್ನು ಟೇಪು ಹಿಡಿದು ಅಳೆಯಿರಿ. ಆಳ ತಿಳಿಯಲು ಹಗ್ಗಕ್ಕೆ ಕಲ್ಲು ಕಟ್ಟಿ ಹತ್ತು ಕಡೆ ಇಳಿಬಿಡಿ. ನಾವು ಹೀಗೆ ಅಳೆದ ದಿನ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಹಲಗೆ ಕಟ್ಟಿ ಒಬ್ಬ ಹುಡುಗನನ್ನು ಕೂರಿಸಿ ಕಳಿಸಿದ್ದೆವು. ಅವನು ಮೇಲೆತ್ತಿದ ಹಗ್ಗದ ತುದಿಯ ಒಂದು ಅಡಿ ಕರಿ ಹೂಳಿನಿಂದ ಮೆತ್ತಿಕೊಂಡಿತ್ತು. ದಂಡೆಯ ಮೇಲೆ ನಿಂತವರೆಲ್ಲ ಆ ಕಪ್ಪನ್ನು ನೋಡಿದರು. ತಳದ ಒಂದು ಅಡಿಯನ್ನು ನೀರಿನ ಲೆಕ್ಕಕ್ಕೆ ಹಿಡಿಯಬಾರದೆಂದು ಆಮೇಲೆ ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ.

ಲೆಕ್ಕದ ಮಾದರಿಯೊಂದನ್ನು ಕೊಡುತ್ತೇನೆ. ನಿಮ್ಮ ಊರಿನ ಅಂಕಿಗಳನ್ನು ಇದರಲ್ಲಿ ತುಂಬಿಕೊಳ್ಳಬಹುದು. ನೀರು ನಿಂತ ಜಾಗ 5 ಎಕರೆ, ಸರಾಸರಿ ಆಳ 5 ಅಡಿ ಎಂದಿಟ್ಟುಕೊಳ್ಳೋಣ. ಒಂದು ಎಕರೆ 43,560 ಚದರ ಅಡಿ, ಒಂದು ಘನ ಅಡಿ ನೀರು 28.3 ಲೀಟರ್; ಆದ್ದರಿಂದ ಈ ಕೆರೆಯ ಪ್ರತಿ ಒಂದು ಅಡಿ ನೀರು ಸುಮಾರು 61 ಲಕ್ಷ ಲೀಟರಿಗಿಂತ ತುಸು ಹೆಚ್ಚು. ಐದು ಅಡಿಯಲ್ಲಿ ಹೂಳಿನ ಒಂದು ಅಡಿ ಹೋಯಿತು. ಬೇಸಿಗೆಯ ಬಿಸಿಲಿಗೆ ದಿನಕ್ಕೆ 6 ಮಿಲಿಮೀಟರ್ ಆರಿದರೂ ನೂರು ದಿನಕ್ಕೆ 600 ಮಿಲಿಮೀಟರ್, ಅಂದರೆ ಎರಡು ಅಡಿ ಗಾಳಿಗೆ ಹೋಗುತ್ತದೆ. ನೀರು ಇಳಿದಂತೆ ಅದರ ಹರವೂ ಕಿರಿದಾಗುವುದರಿಂದ ಇದು ಕರಾರುವಾಕ್ಕಾದ ಲೆಕ್ಕವಲ್ಲ, ಆದರೆ ಸಭೆಯ ಕೆಲಸಕ್ಕೆ ಸಾಕು. ಬಳಸಲು ಉಳಿಯುವುದು ಎರಡು ಅಡಿ, ಸುಮಾರು 1 ಕೋಟಿ 23 ಲಕ್ಷ ಲೀಟರ್.

ಇನ್ನು ಖರ್ಚಿನ ಬಾಬ್ತು. ಜಲಜೀವನ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕೆಂಬ ಗುರಿ ಇಟ್ಟುಕೊಂಡಿದೆ. ನಾಲ್ಕು ಸಾವಿರ ಜನರ ಊರಿಗೆ ಆ ಪ್ರಕಾರ ದಿನಕ್ಕೆ 2 ಲಕ್ಷ 20 ಸಾವಿರ ಲೀಟರ್ ಬೇಕು, ನೀರು 56 ದಿನ ಬರುತ್ತದೆ. ಇದನ್ನು ನಾನು ಗುಡಿಯ ಕಟ್ಟೆಯ ಮೇಲಿಟ್ಟ ಕರಿಹಲಗೆಯಲ್ಲಿ ಬರೆದು ತಿರುಗುವಷ್ಟರಲ್ಲಿ ಹಿಂದೆ ಕೂತಿದ್ದ ವಯಸ್ಸಾದ ತಾಯಿಯೊಬ್ಬರು, “ನಿಮ್ಮ ಲೆಕ್ಕದಾಗ ನಮ್ಮ ಎಮ್ಮಿ ಎಲ್ಲಿ ಅದಾವ್ರಿ ಸರ್?” ಎಂದರು. ಅವರ ಮಾತು ಸರಿಯಾಗಿತ್ತು. ಆರು ನೂರು ದನ-ಎಮ್ಮೆಗಳಿಗೆ ಸರಾಸರಿ 40 ಲೀಟರಿನಂತೆ 24 ಸಾವಿರ ಲೀಟರ್ ಸೇರಿಸಿದರೆ 56 ದಿನ 50ಕ್ಕೆ ಇಳಿಯುತ್ತದೆ. ಫೆಬ್ರುವರಿ ಕೊನೆಯಲ್ಲಿ ಲೆಕ್ಕ ಹಾಕುವ ಊರಿಗೆ ಜೂನ್ ಮೊದಲ ವಾರದವರೆಗೆ ನೂರು ದಿನ ಬೇಕು. ಅದೇ ನೀರು ನೂರು ದಿನ ಬರಬೇಕಾದರೆ ದನಗಳ ಪಾಲನ್ನು ಹಾಗೆಯೇ ಉಳಿಸಿಕೊಂಡು ಮನುಷ್ಯರಿಗೆ ತಲೆಗೆ 25 ಲೀಟರ್, ಅಂದರೆ ಸುಮಾರು ಎರಡು ಕೊಡ, ಸಿಗುತ್ತದೆ. ಸಭೆಯ ಮುಂದಿಡಬೇಕಾದ ಪ್ರಶ್ನೆ ಈಗ ಸಿಕ್ಕಿತು: ಎರಡು ಕೊಡ ಸಿಹಿನೀರಿನಲ್ಲಿ ಊರು ನೂರು ದಿನ ಹೇಗೆ ಬಾಳುತ್ತದೆ? ‘ನೀರಿನ ಸಮಸ್ಯೆ’ ಎಂಬ ಹೆಸರಿನಲ್ಲಿ ಸಭೆ ಕರೆಯಬೇಡಿ, ಈ ಒಂದು ಪ್ರಶ್ನೆಯನ್ನೇ ಡಂಗುರದಲ್ಲಿ ಸಾರಿಸಿ.

ಸಭೆಯ ಹೊತ್ತು ಮತ್ತು ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ಬಿಡುವ ಹೊತ್ತಿಗೆ ಸಭೆ ಇಟ್ಟರೆ ಹೆಣ್ಣುಮಕ್ಕಳು ಬರಲಾರರು. ಪಂಚಾಯಿತಿ ಕಚೇರಿಯ ಒಳಗೆ ಇಟ್ಟರೆ ಕೆಲವು ಓಣಿಯ ಜನ ಬಾಗಿಲಲ್ಲೇ ನಿಲ್ಲುತ್ತಾರೆ. ಗುಡಿಯ ಕಟ್ಟೆಯಾದರೂ ಎಲ್ಲ ಓಣಿಯವರು ಹತ್ತಿ ಕೂಡುವಂತಿದ್ದರೆ ಮಾತ್ರ ಆಗಬಹುದು, ಇಲ್ಲವಾದರೆ ಶಾಲೆಯ ಅಂಗಳವೇ ಒಳ್ಳೆಯದು. ತೀರ್ಮಾನಕ್ಕೆ ಬಲ ಬರಬೇಕಾದರೆ ಅದು ಗ್ರಾಮಸಭೆಯ ಠರಾವಾಗಬೇಕು, ಆದ್ದರಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಅವರಿಗೆ ಮೊದಲೇ ತಿಳಿಸಿ ನೋಟಿಸು ಹೊರಡಿಸಿಕೊಳ್ಳಿ.

ಮಾತಿನ ಸರದಿ ಮಾತ್ರ ಬಹಳ ಮುಖ್ಯ. ನಮ್ಮ ಕಡೆ ಸಭೆಯೆಂದರೆ ಮೊದಲು ಹಿರಿಯರು, ಆಮೇಲೆ ದೊಡ್ಡ ಹಿಡುವಳಿಯವರು, ಕೊನೆಗೆ ಹೊತ್ತು ಉಳಿದರೆ ಮಿಕ್ಕವರು. ನೀರಿನ ಸಭೆಯಲ್ಲಿ ಇದನ್ನು ತಿರುಗಿಸಬೇಕು. ನಳದ ಕೊನೆಯ ಮನೆಯವರು ಮೊದಲು ಮಾತಾಡಲಿ, ಏಕೆಂದರೆ ಕೊಳವೆಯಲ್ಲಿ ಒತ್ತಡ ಇಳಿದಾಗ ನೀರು ಮೊದಲು ನಿಲ್ಲುವುದು ಅವರಿಗೆ. ಆಮೇಲೆ ತಳ್ಳುಗಾಡಿಯಲ್ಲಿ ಕೊಡ ತರುವವರು, ಹೈನು ಮಾಡುವವರು, ಹೊಲವಿಲ್ಲದೆ ಕೂಲಿಗೆ ಹೋಗುವವರು ಮಾತಾಡಲಿ. ಕೂಲಿಯವರು ಬೆಳಿಗ್ಗೆ ಏಳಕ್ಕೆ ಊರು ಬಿಟ್ಟಮೇಲೆ ನೀರು ಬಿಟ್ಟರೆ ಅವರ ಮನೆಯ ಪಾಲು ಪಕ್ಕದ ಮನೆಯ ತೊಟ್ಟಿಗೆ ಹೋಗುತ್ತದೆ, ಇದನ್ನು ಅವರ ಹೊರತು ಬೇರೆ ಯಾರೂ ಸಭೆಯಲ್ಲಿ ಹೇಳುವುದಿಲ್ಲ. ನಂತರ ಪಂಪ್‌ಸೆಟ್ ಇರುವ ರೈತರು, ಕಟ್ಟಕಡೆಗೆ ಅಧಿಕಾರಿಗಳು ಮತ್ತು ಮುಖಂಡರು. ಪ್ರತಿಯೊಬ್ಬರಿಗೂ ಐದು ನಿಮಿಷ ಸಾಕು.

ಬೇಸಿಗೆ ಬೆಳೆಯ ರೈತರ ಮಾತು ಬಂದಾಗ ಸಭೆ ಕಾವೇರುತ್ತದೆ. ಅಲ್ಲಿಯೂ ಅಂಕಿಯೇ ಸಹಾಯಕ್ಕೆ ಬರುವುದು. ಒಂದು ಎಕರೆ ಶೇಂಗಾಕ್ಕೆ ಎರಡು ಅಂಗುಲ ನೀರು ಹಾಯಿಸಿದರೆ 2 ಲಕ್ಷ ಲೀಟರಿಗಿಂತ ಹೆಚ್ಚು ಬೇಕು. 25 ಲೀಟರಿನ ಲೆಕ್ಕದಲ್ಲಿ ಅದು ಇಡೀ ಊರಿನ ಜನ-ದನಗಳ ಒಂದೂವರೆ ದಿನಕ್ಕೂ ಹೆಚ್ಚಿನ ನೀರು. ಇದನ್ನು ಹಲಗೆಯ ಮೇಲೆ ಬರೆಯಿರಿ. ಅದರ ಪಕ್ಕದಲ್ಲಿಯೇ ಆ ಎಕರೆಗೆ ಬೀಜ, ಗೊಬ್ಬರ, ಆಳುಗಳಿಗೆ ಎಷ್ಟು ಖರ್ಚಾಗಿದೆ, ಸಾಲ ಎಲ್ಲಿಯದು, ಇನ್ನು ಎಷ್ಟು ಸಲ ನೀರು ಕೊಟ್ಟರೆ ಕಾಯಿ ಬಲಿಯುತ್ತದೆ ಎಂಬುದನ್ನು ಆ ರೈತನ ಬಾಯಿಂದಲೇ ಕೇಳಿ ಬರೆಯಿರಿ. ಮೊದಲನೆಯ ಅಂಕಿಯನ್ನಷ್ಟೇ ಬರೆದರೆ ಅವನನ್ನು ಕಳ್ಳನ ಜಾಗದಲ್ಲಿ ನಿಲ್ಲಿಸಿದಂತಾಗುತ್ತದೆ. ಅವನೂ ಬರದ ಪೆಟ್ಟು ತಿಂದವನೇ.

ಈ ಹಂತದಲ್ಲಿ ನಾನು ಒಂದು ಪದ್ಧತಿಯನ್ನು ಪಾಲಿಸುತ್ತೇನೆ. ಪಂಪ್‌ಸೆಟ್ಟಿನ ರೈತರಲ್ಲಿ ಒಬ್ಬರು ಎದ್ದು ನಿಂತು, ನಳದ ಕೊನೆಯ ಮನೆಯವರು ಹೇಳಿದ್ದೇನು ಎಂಬುದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಆ ಮನೆಯವರು ‘ಹೌದು, ನಾವು ಹೇಳಿದ್ದು ಇದೇ’ ಎಂದ ಮೇಲೆಯೇ ಅವರು ತಮ್ಮ ವಾದ ಮುಂದುವರಿಸಬಹುದು. ಅದೇ ರೀತಿ ಆ ಮನೆಯವರು ರೈತನ ಸಂಕಟವನ್ನು ಹೇಳಬೇಕು. ಮೊದಲ ಸಲ ಜನ ನಾಚುತ್ತಾರೆ, ಆಟವೆಂದು ತಿಳಿಯುತ್ತಾರೆ. ಆದರೆ ಎದುರಿನವರ ಮಾತನ್ನು ಒಮ್ಮೆ ತಾವೇ ಆಡಿದವರು ಆಮೇಲೆ ಅದನ್ನು ತಿರುಚಿ ಹೇಳುವುದು ಕಡಿಮೆ.

ಚರ್ಚೆ ದಾರಿ ತಪ್ಪುವುದು ಹೆಚ್ಚಾಗಿ ದೊಡ್ಡ ವಿಷಯಗಳಿಂದ. ಗೋವಾದೊಂದಿಗೆ ವಿವಾದದಲ್ಲಿರುವ ಮಹದಾಯಿ ನದಿಯ ಮಾತು ಬಂದೇ ಬರುತ್ತದೆ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಆ ನದಿಯ ಹಳ್ಳಗಳಾದ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ, ಅದಕ್ಕಾಗಿ ಈ ಭಾಗದ ರೈತರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟ ರೈತರ ನೆನಪೂ ನೀರಿನ ಯಾವ ಸಭೆಯಿಂದಲೂ ದೂರ ಇರುವುದಿಲ್ಲ. ಆ ಮಾತನ್ನು ಆಡಬೇಡಿ ಎಂದು ಯಾರ ಬಾಯಿಯನ್ನೂ ಮುಚ್ಚಿಸಬೇಡಿ. ಹಲಗೆಯ ಒಂದು ಮಗ್ಗುಲಲ್ಲಿ ‘ಬೇರೆ ದಿನದ ಸಭೆಗೆ’ ಎಂದು ಬರೆದು ಅದನ್ನು ಅಲ್ಲಿ ದಾಖಲಿಸಿ, ದಿನಾಂಕವನ್ನೂ ಅಲ್ಲಿಯೇ ಗೊತ್ತುಪಡಿಸಿ, ನಂತರ ಎರಡು ಕೊಡದ ಪ್ರಶ್ನೆಗೆ ಮರಳಿ ಬನ್ನಿ.

ಹಂಚಿಕೆಯ ನ್ಯಾಯ ಯಾವುದು ಎಂಬಲ್ಲಿ ಮೂರು ವಾದಗಳು ಏಳುತ್ತವೆ: ತಲೆಗೆ ಸಮ, ಮನೆಗೆ ಸಮ, ಕರ ಕಟ್ಟಿದವರಿಗೆ ಮೊದಲು. ಮನೆಗೆ ಸಮ ಎಂಬುದು ಕೇಳಲು ಸರಳವಾಗಿದ್ದರೂ ಇಬ್ಬರಿರುವ ಮನೆಗೂ ಹತ್ತು ಮಂದಿಯ ಮನೆಗೂ ಒಂದೇ ಅಳತೆಯಾಗುತ್ತದೆ. ಕರದ ವಾದ ಮಳೆಗಾಲದಲ್ಲಿ ಚರ್ಚಿಸತಕ್ಕದ್ದು. ಬಾಯಾರಿದವನ ರಸೀದಿ ನೋಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ತಲೆಗೆ ಸಮ, ಅದರ ಮೇಲೆ ಬಾಣಂತಿ, ಹಾಸಿಗೆ ಹಿಡಿದವರು ಇರುವ ಮನೆಗೆ ಒಂದು ಕೊಡ ಹೆಚ್ಚು ಎಂಬ ಒಪ್ಪಂದ ಬಹುತೇಕ ಊರುಗಳಿಗೆ ಹೊಂದುತ್ತದೆ. ರಾಜ್ಯದ ಜಲನೀತಿಯೂ ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಟ್ಟಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊಳವೆ ಬಾವಿ ಕೊರೆಯುವಂತಿಲ್ಲ ಎಂಬ 1999ರ ಕಾಯ್ದೆಯನ್ನೂ ಸಭೆಗೆ ಓದಿ ಹೇಳಿ.

ಎರಡು ಕೊಡಕ್ಕೆ ಊರನ್ನು ಒಪ್ಪಿಸಲು ಸವಳು ನೀರೇ ದಾರಿ ಮಾಡಿಕೊಡುತ್ತದೆ. ಕುಡಿಯಲು, ಅಡಿಗೆಗೆ ಕೆರೆಯ ನೀರು. ಬಟ್ಟೆ, ಪಾತ್ರೆ, ಶೌಚಾಲಯಕ್ಕೆ ಕೊಳವೆ ಬಾವಿಯ ಸವಳು ನೀರು ಎಂದು ಎರಡು ಪಾಲು ಮಾಡಿದರೆ 25 ಲೀಟರ್ ಸಾಕಾಗುತ್ತದೆ. ಇದಕ್ಕಾಗಿ ಕೆಟ್ಟು ನಿಂತ ಕೈಪಂಪುಗಳನ್ನು ಸಭೆಗೆ ಮೊದಲೇ ಎಣಿಸಿ, ರಿಪೇರಿಯ ಖರ್ಚು ಕೇಳಿಟ್ಟುಕೊಂಡಿರಬೇಕು. ಕೆರೆಗೆ ಮೋಟರ್ ಇಟ್ಟವರಿಗೆ ಪೂರ್ತಿ ನಿಷೇಧ ಅನಿವಾರ್ಯ. ಕಾಲುವೆಯ ಮಾತು ಬೇರೆ. ನೀರು ಬಿಟ್ಟಾಗ ಮೊದಲು ಕೊನೆಯ ಊರಿನ ಕೆರೆ ತುಂಬಲಿ, ಆಮೇಲೆ ಕಾಲುವೆಯಲ್ಲಿ ಉಳಿದರೆ ನಿಂತ ಬೆಳೆಗೆ ಒಂದು ನೀರು ಸಿಗಲಿ, ಹೊಸ ಬಿತ್ತನೆಗೆ ಬೇಡ ಎಂದು ಮೇಲಿನ ಊರಿನವರೂ ಕೆಳಗಿನ ಊರಿನವರೂ ಕೂಡಿ ಬರೆದುಕೊಂಡು, ಆ ಒಂದೇ ಮನವಿಯನ್ನು ತಹಶೀಲ್ದಾರರಿಗೂ ನೀರಾವರಿ ನಿಗಮಕ್ಕೂ ಕೊಡಿ. ಎರಡು ಊರುಗಳು ಬೇರೆಬೇರೆ ಮನವಿ ಕೊಟ್ಟಾಗ ಕಾಲುವೆಯ ದಂಡೆಗೆ ಪೊಲೀಸರು ಬಂದು ನಿಲ್ಲುವುದನ್ನು ನಾನು ನೋಡಿದ್ದೇನೆ.

ಠರಾವು ಬರೆಯುವಾಗ ‘ನೀರನ್ನು ಮಿತವಾಗಿ ಬಳಸತಕ್ಕದ್ದು’ ಎಂಬಂಥ ವಾಕ್ಯಗಳಿಂದ ಪ್ರಯೋಜನವಿಲ್ಲ. ಯಾವ ಓಣಿಗೆ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ವಾಲ್ವಿನ ಕೀಲಿ ಯಾರ ಬಳಿ, ಅವರು ಊರಲ್ಲಿಲ್ಲದ ದಿನ ಯಾರ ಬಳಿ, ತಪ್ಪಿದವರಿಗೆ ಮೊದಲ ಸಲ ಏನು, ಎರಡನೆಯ ಸಲ ಏನು ಎಂಬುದೆಲ್ಲ ಇರಬೇಕು. ಕೂಲಿಗೆ ಹೋಗುವವರ ಓಣಿಗೆ ಬೆಳಿಗ್ಗೆ ಐದರಿಂದ ಆರು ಎಂದು ನಾವು ಬರೆದದ್ದು ಆ ಸಭೆಯ ಅತಿ ಚಿಕ್ಕ ಸಾಲಾಗಿತ್ತು, ಅತಿ ಹೆಚ್ಚು ಹೊತ್ತು ಚರ್ಚೆಯಾದದ್ದೂ ಅದೇ.

ಕೊನೆಯದಾಗಿ ಕೆರೆಯ ಮೆಟ್ಟಿಲ ಬಳಿ ಒಂದು ಬಿದಿರಿನ ಗಳುವನ್ನು ನೆಟ್ಟು, ಅರ್ಧ ಅಡಿಗೊಂದು ಕೆಂಪು ಪಟ್ಟಿ ಬಳಿಯಿರಿ. ನೂರು ದಿನದ ಲೆಕ್ಕದಲ್ಲಿ ಪ್ರತಿ ಸೋಮವಾರ ನೀರು ಎಲ್ಲಿರಬೇಕು ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಒಂದು ಸಾಲಿನಲ್ಲಿ, ನಿಜವಾಗಿ ಎಲ್ಲಿದೆ ಎಂಬುದನ್ನು ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ಬರೆಯಿಸಿ. ಎರಡು ಸಾಲುಗಳ ನಡುವೆ ಅರ್ಧ ಅಡಿಯ ಅಂತರ ಕಂಡ ವಾರವೇ ಸಭೆ ಮತ್ತೆ ಸೇರಬೇಕೆಂದು ಠರಾವಿನಲ್ಲಿಯೇ ಹೇಳಿರಬೇಕು. ನಮ್ಮೂರಲ್ಲಿ ಗಳು ನೋಡಿ ಬರೆಯುವ ಕೆಲಸವನ್ನು ಏಳನೆಯ ಇಯತ್ತೆಯ ಹುಡುಗಿಯರಿಗೆ ವಹಿಸಿದ್ದೆವು. ಐದನೆಯ ಸೋಮವಾರ ಅವರು ಬರೆದ ಅಂಕಿ ಮೂರು ಅಂಗುಲ ಕೆಳಗಿತ್ತು, ಆ ರಾತ್ರಿಯೇ ಓಣಿಯ ಹಿರಿಯರು ಲಾಟೀನು ಹಿಡಿದು ಕೆರೆಯ ದಂಡೆ ಸುತ್ತಿ, ಜಾಲಿ ಕಂಟಿಯ ಮರೆಯಲ್ಲಿ ಹಾಸಿದ್ದ ಪೈಪನ್ನು ಸುತ್ತಿಕೊಂಡು ಬಂದರು.