ಎದುರುಗಡೆ 99 ರೂಪಾಯಿ ಅಂಗಡಿ ಬಂದರೆ ಏನು ಮಾಡಬೇಕು: ಹಾಸನದ ಪಾತ್ರೆ ಅಂಗಡಿಯವಳ ಲೆಕ್ಕ

ಮೊದಲನೇ ವಾರ ಏನೂ ಮಾಡಬೇಡಿ. ರೇಟು ಇಳಿಸಬೇಡಿ. ‘ನಮ್ಮಲ್ಲೂ 99’ ಅಂತ ಬೋರ್ಡ್ ಬರೆಸಬೇಡಿ. ಬೆಂಗಳೂರಿಗೆ ಓಡಿಹೋಗಿ ಅಗ್ಗದ ಮಾಲು ತುಂಬಿಕೊಂಡು ಬರಬೇಡಿ. ನಾನು ಈ ಮೂರನ್ನೂ ಮಾಡಿದೆ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಹತ್ತಡಿ ಅಗಲದ ಅಂಗಡಿ. ಸ್ಟೀಲ್ ಪಾತ್ರೆ, ಬಕೆಟ್ಟು, ಬಳೆ, ಬಾಚಣಿಗೆ, ಪೂಜೆ ಸಾಮಾನು. ನಮ್ಮತ್ತೆ ಶುರು ಮಾಡಿದ್ದು. ಎರಡು ವರ್ಷದ ಹಿಂದೆ, ಹಾಸನಾಂಬ ಬಾಗಿಲು ತೆಗೆಯೋಕೆ ಹದಿನೈದು ದಿನ ಇರುವಾಗ, ಎದುರು ಸಾಲಿನಲ್ಲಿ ದೊಡ್ಡ ಅಂಗಡಿ ತೆರೆಯಿತು. ಬಾಗಿಲಿಗೆ ಬಲೂನು, ಸ್ಪೀಕರಿನಲ್ಲಿ ‘ಏನೇ ತಗೊಳ್ಳಿ 99’ ಅಂತ ಒಂದೇ ಕೂಗು. ಆ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಂದು ಸಲ, ದೀಪಾವಳಿ ಹೊತ್ತಿಗೆ. ಆ ಕೆಲವು ದಿನದ ವ್ಯಾಪಾರದಲ್ಲಿ ನಮ್ಮ ಎರಡು ತಿಂಗಳ ಬಾಡಿಗೆ ಹುಟ್ಟುತ್ತಿತ್ತು. ಆ ವರ್ಷ ದರ್ಶನ ಮುಗಿಸಿದ ಜನ ನೇರವಾಗಿ ಬಲೂನಿನ ಕಡೆ ನಡೆದರು.

ನನಗೆ ಕೈಕಾಲು ಆಡಲಿಲ್ಲ. ಬೆಳಗಿನ ರೈಲು ಹತ್ತಿದೆ. (2017ರಲ್ಲಿ ಕುಣಿಗಲ್ ಮೇಲಿನ ಲೈನು ಆದಾಗಿನಿಂದ ಬೆಂಗಳೂರಿಗೆ ಹೋಗಿ ಮಾಲು ತರೋದು ಸಲೀಸು. ಸಲೀಸಾಗಿದ್ದೇ ತಪ್ಪಾಯಿತು ಅನ್ನಿ.) ಮಾಮೂಲ್‌ಪೇಟೆಯಲ್ಲಿ ಕಣ್ಣು ಮುಚ್ಚಿಕೊಂಡು ಎರಡು ಡಜನ್ ಅಗ್ಗದ ಬಕೆಟ್ಟು ತಂದೆ. 99ಕ್ಕೇ ಮಾರಿದೆ. ಮೂರು ವಾರದಲ್ಲಿ ಒಂಬತ್ತು ವಾಪಸ್ ಬಂದವು. ಶಾಂತಿಗ್ರಾಮದ ಕಡೆಯ ಒಬ್ಬ ಅಜ್ಜಿ ಬರೀ ಹಿಡಿ ಹಿಡಿದುಕೊಂಡು ಬಂದರು. “ಬಕೆಟ್ಟು ತೊಂಬೆ ಹತ್ರಾನೇ ಕೂತದೆ ಕಣವ್ವ, ಹಿಡಿ ಮಾತ್ರ ನನ್ ಜೊತೆ ಬಂತು” ಅಂದರು. ನಗು ಬಂತು, ಆದರೆ ದುಡ್ಡು ವಾಪಸ್ ಕೊಡಬೇಕಾಯಿತು. ಎದುರಿನ ಅಂಗಡಿಯಲ್ಲಿ ಮುರಿದರೆ ಜನ ‘99ಕ್ಕೆ ಇನ್ನೇನು’ ಅಂತ ಸುಮ್ನಾಗುತ್ತಾರೆ. ನಮ್ಮಲ್ಲಿ ಮುರಿದರೆ ನಮ್ಮನ್ನೇ ಕೇಳುತ್ತಾರೆ.

ಒಳಗೆ ಹೋಗಿ, ಕೊಂಡು, ತೂಗಿ

ಎರಡನೇ ವಾರ ಗಿರಾಕಿಯಾಗಿ ಆ ಅಂಗಡಿಗೆ ಹೋಗಿ. ನಾಚಿಕೆ ಏನೂ ಬೇಡ. ನಿಮ್ಮಲ್ಲಿ ಜಾಸ್ತಿ ಖರ್ಚಾಗುವ ನಾಲ್ಕೈದು ಸಾಮಾನು ಯಾವುದೋ, ಅದನ್ನೇ ಅಲ್ಲಿ ಕೊಳ್ಳಿ. ಮನೆಗೆ ತಂದು ಅಡುಗೆಮನೆ ತಕ್ಕಡಿಯಲ್ಲಿ ಇಡಿ.

ನಾನು ತಂದ ಸ್ಟೀಲ್ ಡಬ್ಬ 142 ಗ್ರಾಂ ತೂಗಿತು. ಹೊರಗಿನಿಂದ ಅಷ್ಟೇ ದೊಡ್ಡದಾಗಿ ಕಾಣುವ ನನ್ನ ಡಬ್ಬ 205 ಗ್ರಾಂ. ಅದನ್ನು ನಾನು 130ಕ್ಕೆ ಮಾರುತ್ತೇನೆ. ಈಗ ಲೆಕ್ಕ ಹಾಕಿ. ಅವರ 100 ಗ್ರಾಂ ಸ್ಟೀಲಿಗೆ ಸುಮಾರು 70 ರೂಪಾಯಿ ಬಿತ್ತು. ನನ್ನದಕ್ಕೆ 63. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಈಗ ಆ ಎರಡೂ ಡಬ್ಬ ನನ್ನ ಗಲ್ಲಾ ಪೆಟ್ಟಿಗೆ ಪಕ್ಕದಲ್ಲೇ ಇವೆ. ‘ಅಲ್ಲಿ 99ಕ್ಕೆ ಕೊಡ್ತಾರಲ್ಲಕ್ಕ’ ಅಂತ ಯಾರಾದರೂ ಅಂದರೆ ನಾನು ವಾದ ಮಾಡಲ್ಲ. ಎರಡನ್ನೂ ಎರಡು ಕೈಗೆ ಕೊಡುತ್ತೇನೆ. ಮುಚ್ಚಳದ ಮೇಲೆ ಹೆಬ್ಬೆರಳಿಂದ ಒತ್ತಿ ಅನ್ನುತ್ತೇನೆ. ತೆಳು ಡಬ್ಬದ ಮುಚ್ಚಳ ‘ಟಕ್’ ಅಂತ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಆ ‘ಟಕ್’ ನನ್ನ ಪರವಾಗಿ ಮಾತಾಡುತ್ತೆ. ಎಲ್ಲರೂ ನನ್ನದನ್ನೇ ಕೊಳ್ಳಲ್ಲ, ಹತ್ತರಲ್ಲಿ ನಾಲ್ಕು ಜನ ಕೊಂಡರೆ ಸಾಕು.

ಅಂದಹಾಗೆ, ಗಿರಾಕಿ ಮುಂದೆ ಅಯಸ್ಕಾಂತದ ಆಟ ಆಡಬೇಡಿ. ‘ಅಂಟಲಿಲ್ಲ ಅಂದ್ರೆ ಒಳ್ಳೆ ಸ್ಟೀಲ್’ ಅನ್ನೋದು ಅರ್ಧ ಸತ್ಯ. 304 ಅನ್ನೋ ಒಳ್ಳೆ ದರ್ಜೆಯ ಸ್ಟೀಲಿಗೂ ಅಂಟಲ್ಲ, ಅದಕ್ಕಿಂತ ಕಡಿಮೆ ದರ್ಜೆಯ 202ಕ್ಕೂ ಸರಿಯಾಗಿ ಅಂಟಲ್ಲ. ತಿಳಿದವರು ಬಂದರೆ ಮರ್ಯಾದೆ ಹೋಗುತ್ತೆ.

ತಕ್ಕಡಿ ನಮ್ಮ ವಿರುದ್ಧವೂ ತೂಗುತ್ತದೆ, ಅದನ್ನೂ ಒಪ್ಪಿಕೊಳ್ಳಿ. ಗಾಜಿನ ಬಟ್ಟಲಿನ ಸೆಟ್ಟು ಅವರು ಮಾರುವ ರೇಟಿಗೆ ನನಗೆ ಹೋಲ್‌ಸೇಲಲ್ಲೂ ಸಿಗಲ್ಲ. ಅರಿಶಿನ ಕುಂಕುಮಕ್ಕೆ ಐವತ್ತು ಜನರಿಗೆ ಕೊಡೋ ಪುಟ್ಟ ಡಬ್ಬಿಗಳೂ ಅಷ್ಟೇ. ಅವನ್ನು ನಾನು ಬಿಟ್ಟೇಬಿಟ್ಟೆ. ಆದರೆ ಟೀ ಸೋಸುವ ಜಾಲರಿ ನನ್ನಲ್ಲಿ 40, ಅವರಲ್ಲಿ ಅದಕ್ಕೂ 99! ‘ಏನೇ ತಗೊಳ್ಳಿ’ ಅನ್ನುವ ಅಂಗಡಿಯ ಗುಟ್ಟು ಇಲ್ಲೇ ಇರೋದು. ಕೆಲವು ಮಾಲು ಅವರಿಗೆ 80ಕ್ಕೆ ಬಿದ್ದಿರುತ್ತೆ, ಕೆಲವು 30ಕ್ಕೆ. ಬಾಗಿಲ ಹತ್ತಿರ ಲಾಭ ಕಡಿಮೆ ಇರೋದನ್ನು ಜೋಡಿಸಿ, ಒಳಗಿನ ಸಾಲಲ್ಲಿ ಎಲ್ಲಾ ವಸೂಲಿ ಮಾಡುತ್ತಾರೆ. ಗಿರಾಕಿ ಒಂದಕ್ಕೆ ಹೋಗಿ ಐದು ತರೋದು ಅದಕ್ಕೇ.

ಇದೇನು ಹೊಸ ಉಪಾಯ ಅಲ್ಲ. ಅಮೆರಿಕದ ಫ್ರಾಂಕ್ ವುಲ್‌ವರ್ತ್ 1879ರಲ್ಲೇ ‘ಏನೇ ತಗೊಳ್ಳಿ ಐದು ಸೆಂಟ್’ ಅಂಗಡಿ ಇಟ್ಟ. ಮೊದಲನೆಯದು ಕೆಲವೇ ತಿಂಗಳಲ್ಲಿ ಮುಚ್ಚಿತು, ಬೇರೆ ಊರಿನಲ್ಲಿ ಇಟ್ಟ ಎರಡನೆಯದು ಹಿಡಿಯಿತು. ಅಲ್ಲಿನ ಡಾಲರ್ ಟ್ರೀ ಅನ್ನೋ ಕಂಪನಿ ಎಷ್ಟೋ ವರ್ಷ ಒಂದೇ ಡಾಲರಿಗೆ ಮಾರಿ, 2021ರಲ್ಲಿ ಒಂದೂಕಾಲು ಡಾಲರ್ ಮಾಡಿತು. ರೇಟನ್ನು ಕಟ್ಟಿ ಹಾಕಿದರೆ ಖರ್ಚು ಸುಮ್ನೆ ಇರುತ್ತಾ? ಒಂದೋ ಮಾಲಿನ ತೂಕ ಇಳಿಯಬೇಕು, ಇಲ್ಲಾ ರೇಟು ಏರಬೇಕು. ನಮ್ಮ ಜಾತ್ರೆಗಳಲ್ಲಿ ‘ಏನೇ ತಗೊಳ್ಳಿ ಹತ್ತು ರೂಪಾಯಿ’ ಅಂತ ಕೂಗುತ್ತಿದ್ದುದು ನನಗಿನ್ನೂ ನೆನಪಿದೆ.

ಬಿಡಿ ಸಾಮಾನು ಇಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಅವರು ಇಡೀ ಸಾಮಾನು ಮಾರುತ್ತಾರೆ. ಸಾಮಾನಿನ ಒಂದು ತುಂಡು ಮಾರೋಕೆ ಅವರ ಕೈಲಿ ಆಗಲ್ಲ.

ಕುಕ್ಕರ್ ಗ್ಯಾಸ್ಕೆಟ್, ವಿಸಲ್, ಸೇಫ್ಟಿ ವಾಲ್ವ್, ಹಿಡಿ, ಹಿಡಿಯ ಸ್ಕ್ರೂ. ಮಿಕ್ಸಿ ಜಾರಿನ ಮುಚ್ಚಳ, ಅದರೊಳಗಿನ ರಬ್ಬರ್. ಫ್ಲಾಸ್ಕಿನ ಬಿರಡೆ. ಇವೆಲ್ಲ ಸೇರಿ ನನಗೆ ಶುರುವಿನಲ್ಲಿ ನಾಲ್ಕು ಸಾವಿರ ರೂಪಾಯಿ ಬಂಡವಾಳ ಹಿಡಿಯಿತು. ಹಾಕುವ ಜಾಗ ಒಂದು ಗೋಡೆ, ಇಪ್ಪತ್ತು ಮೊಳೆ.

ಗ್ಯಾಸ್ಕೆಟ್ ಮಾರೋದರಲ್ಲಿ ಒಂದು ಕಷ್ಟ ಇದೆ. ಗಿರಾಕಿ ಬಂದು ‘ಐದು ಲೀಟರಿಂದು ಕೊಡಿ’ ಅನ್ನುತ್ತಾರೆ. ಐದು ಲೀಟರ್ ಅಂದರೆ ಒಂದೇ ಅಳತೆ ಅಲ್ಲ. ಕಂಪನಿ ಬೇರೆ ಆದರೆ ಬೇರೆ, ಮುಚ್ಚಳ ಒಳಗೆ ಕೂರೋದೋ ಹೊರಗೆ ಕೂರೋದೋ ಅನ್ನೋದರ ಮೇಲೂ ಬೇರೆ. ಅದಕ್ಕೆ ‘ಹಳೇ ಗ್ಯಾಸ್ಕೆಟ್ ತನ್ನಿ’ ಅಂತ ದೊಡ್ಡದಾಗಿ ಬರೆಸಿ ಹಾಕಿ. ಹಳೆಯದನ್ನು ಎಸೆಯಬೇಡಿ. ಯಾವ ಕಂಪನಿ, ಎಷ್ಟು ಲೀಟರ್ ಅಂತ ಚೀಟಿ ಕಟ್ಟಿ ಮೊಳೆಗೆ ನೇತುಹಾಕಿ. ಆರು ತಿಂಗಳಲ್ಲಿ ನಿಮ್ಮದೇ ಅಳತೆ ಪಟ್ಟಿ ತಯಾರಾಗುತ್ತೆ. ನನ್ನ ಗೋಡೆಯಲ್ಲಿ ಈಗ ಮೂವತ್ತೊಂದು ಇವೆ. ನೋಡೋಕೆ ಚೆನ್ನಾಗಿಲ್ಲ, ಆದರೆ ಒಂದು ಡಬ್ಬ ಮಾರಿದ್ದಕ್ಕಿಂತ ಒಂದು ಗ್ಯಾಸ್ಕೆಟ್ ಮಾರಿದರೆ ನನಗೆ ಉಳಿಯೋದು ಜಾಸ್ತಿ.

ಎದುರಿನ ಅಂಗಡಿಯ ಹುಡುಗಿಯರೇ ವಿಸಲ್ಲಿಗೆ ಇಲ್ಲಿಗೆ ಬರುತ್ತಾರೆ. ಸುತ್ತಲಿನ ಹಳ್ಳಿಯ ಮಕ್ಕಳು, ಓದು ಮುಗಿಸಿ ಮೊದಲ ಸಂಬಳ ನೋಡಿದವರು. ದಿನವಿಡೀ ನಿಂತೇ ಇರಬೇಕಂತೆ. ಬಂದಾಗ ನಾನು ಸ್ಟೂಲ್ ಕೊಡುತ್ತೇನೆ. ಅಂಗಡಿ ಮೇಲಿನ ಸಿಟ್ಟು ಅವರ ಮೇಲೆ ತೋರಿಸಿದರೆ ಏನು ಬಂತು?

ಉದ್ರಿ ಪುಸ್ತಕ

‘ನಗದು ಅಲ್ಲಿ, ಉದ್ರಿ ಇಲ್ಲಿ.’ ದೊಡ್ಡ ಅಂಗಡಿ ಬಂದ ಮೇಲೆ ನಮಗೆ ಬಿದ್ದ ನಿಜವಾದ ಪೆಟ್ಟು ಇದು. ಕೈಯಲ್ಲಿ ದುಡ್ಡಿದ್ದಾಗ ಬಲೂನಿನ ಬಾಗಿಲು, ಇಲ್ಲದಾಗ ‘ಅಕ್ಕಾ, ಆಲೂಗಡ್ಡೆ ಕಿತ್ತ ಮೇಲೆ ಕೊಡ್ತೀನಿ’. ಉದ್ರಿ ನಿಲ್ಲಿಸೋಕೂ ಆಗಲ್ಲ, ನಮ್ಮ ಹಳ್ಳಿ ಗಿರಾಕಿಗಳಿಗೆ ದುಡ್ಡು ಬರೋದೇ ಫಸಲಿನ ಹೊತ್ತಿಗೆ. ಹಾಗಾಗಿ ಎರಡು ಕಟ್ಟುಪಾಡು ಮಾಡಿಕೊಂಡೆ. ಒಬ್ಬರಿಗೆ 500ಕ್ಕಿಂತ ಜಾಸ್ತಿ ಇಲ್ಲ. ಹಳೆಯದರಲ್ಲಿ ಅರ್ಧ ತೀರಿಸದೆ ಹೊಸದಿಲ್ಲ. ಬರೆಯುವಾಗ ಅವರ ಎದುರೇ ಓದಿ ಹೇಳಿ. ಇಬ್ಬರು ಸಿಟ್ಟಾಗಿ ಹೋದರು. ಒಬ್ಬರು ವಾಪಸ್ ಬಂದರು.

ಮೊರ

ಗೌರಿ ಹಬ್ಬಕ್ಕೆ ಬಾಗಿನದ ಮೊರ ಬೇಕೇಬೇಕು. ಅದನ್ನು ಹೆಣೆಯೋದು ಮೇದರು. ಹಿಂದೆ ನಮ್ಮಂಥ ಐದಾರು ಅಂಗಡಿಯವರು ಅವರಿಂದ ತೆಗೆದುಕೊಳ್ಳುತ್ತಿದ್ದೆವು. ಈಗ ನಮ್ಮ ಸಾಲಿನಲ್ಲಿ ಇಬ್ಬರು ಮುಚ್ಚಿದರು. ಪಕ್ಕದಲ್ಲಿ ಕೂರುತ್ತಿದ್ದ ಛತ್ರಿ ರಿಪೇರಿ ಮಾವನೂ ಎದ್ದು ಹೋದರು, ಯಾಕಂದರೆ ಹೊಸ ಛತ್ರಿಯೇ 99ಕ್ಕೆ ಸಿಗುತ್ತಲ್ಲ. ಒಂದು ಅಂಗಡಿ ಬಂದರೆ ಅದರ ಎದುರಿನವರಿಗೆ ಮಾತ್ರ ತೊಂದರೆ ಅಂದುಕೊಂಡಿದ್ದೆ. ಹಾಗಲ್ಲ, ಅವರಿಗೆ ಮಾಲು ಕೊಡೋ ಕೈಗಳೂ ಖಾಲಿಯಾಗುತ್ತವೆ.

ಅಮೆರಿಕದಲ್ಲಿ ಡಾಲರ್ ಅಂಗಡಿಗಳು ಬಂದು ತರಕಾರಿ ಹಣ್ಣು ಮಾರುವ ಅಂಗಡಿಗಳೇ ಮುಚ್ಚಿದ ಕಡೆ ಇವೆಯಂತೆ. 2018ರಲ್ಲಿ ಟಲ್ಸಾ ಅನ್ನೋ ಊರಿನವರು ನಗರದ ಒಂದು ಭಾಗದಲ್ಲಿ ಅಂಥ ಎರಡು ಅಂಗಡಿಗಳ ನಡುವೆ ಒಂದು ಮೈಲಿಯಾದರೂ ದೂರ ಇರಬೇಕು ಅಂತ ನಿಯಮ ಮಾಡಿದರು. ಬಿಕಾಂ ಓದುವಾಗ ನನ್ನ ಮಗಳು ಹೇಳಿದ್ದು. ಹಾಸನದಲ್ಲಿ ಸೊಪ್ಪು ತರಕಾರಿಗೆ ಆ ಭಯ ಇಲ್ಲ, ಮಾರ್ಕೆಟ್ಟಿದೆ, ಸಂತೆ ಇದೆ. ಇಲ್ಲಿ ಏಟು ಬೀಳೋದು ಬಕೆಟ್ಟು, ಛತ್ರಿ, ಮೊರಕ್ಕೆ.

ಮೊರಕ್ಕೆ ಮಾಡಬೇಕಾದ್ದು ಇಷ್ಟು. ಹಬ್ಬಕ್ಕೆ ಒಂದು ತಿಂಗಳು ಮುಂಚೆ ಆರ್ಡರ್ ಕೊಡಿ, ಅರ್ಧ ದುಡ್ಡು ಮುಂಗಡ ಕೊಡಿ. ಬರೀ ಮೊರ ಮಾರಬೇಡಿ. ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ ಎಲ್ಲಾ ಸೇರಿಸಿ ಸೆಟ್ಟು ಮಾಡಿ. ‘ಬಳೆ ಯಾವ ಅಳತೆ ಬೇಕಮ್ಮ’ ಅಂತ ಕೇಳಿ ಹಾಕಿ. ಹೋದ ವರ್ಷ ಅರವತ್ತು ಸೆಟ್ಟು ಹೋದವು.

ಕಾನೂನಿನ ಮಾತು, ಬೇಗ ಮುಗಿಸುತ್ತೇನೆ

ಪ್ಯಾಕ್ ಮಾಡಿದ ಮಾಲಿನ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಎಂಆರ್‌ಪಿ ಇರಬೇಕು. ಹೊರದೇಶದ್ದಾದರೆ ಯಾವ ದೇಶದ್ದು ಅಂತಲೂ ಇರಬೇಕು. ಮಕ್ಕಳ ಆಟದ ಸಾಮಾನಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಎದುರಿನವರಲ್ಲಿ ಇವಿಲ್ಲ ಅಂತ ದೂರು ಕೊಡೋ ಆಸೆ ಬರುತ್ತೆ. ಗ್ರಾಹಕರ ಸಹಾಯವಾಣಿ 1915 ಇದೆ, ಕೊಡಬಹುದು. ಅದಕ್ಕೆ ಮೊದಲು ನಿಮ್ಮ ಅಟ್ಟ ನೋಡಿಕೊಳ್ಳಿ. ನನ್ನ ಅಟ್ಟದಲ್ಲೇ ಗುರುತಿಲ್ಲದ ಹದಿನಾಲ್ಕು ಆಟಿಕೆ ಕಾರು ಸಿಕ್ಕವು.

ಕೊನೆಗೆ ಬಾಡಿಗೆ ಕರಾರು

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ದೊಡ್ಡ ಅಂಗಡಿಯವರು ಕೊಡುವ ಅಡ್ವಾನ್ಸ್ ನೋಡಿದ ಮೇಲೆ ಇಡೀ ಸಾಲಿನ ಮಾಲೀಕರಿಗೆ ಆಸೆ ಹುಟ್ಟುತ್ತೆ. ಮುಚ್ಚಿದ ಇಬ್ಬರಲ್ಲಿ ಒಬ್ಬರಿಗೆ ವ್ಯಾಪಾರ ಚೆನ್ನಾಗಿಯೇ ಇತ್ತು. ಅವರನ್ನು ಎಬ್ಬಿಸಿದ್ದು ಬಾಡಿಗೆ. ಹಾಗಾಗಿ ಎದುರುಗಡೆ ಶಟರಿಗೆ ಹೊಸ ಬಣ್ಣ ಬಳಿಯೋದು ಕಂಡ ದಿನವೇ ನಿಮ್ಮ ಕರಾರು ಪತ್ರ ತೆಗೆದು ತಾರೀಖು ನೋಡಿ. ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದೇ ಇರುತ್ತೆ. ಮಾಲೀಕರು ಒಳ್ಳೆ ಮಾತಲ್ಲಿರುವಾಗಲೇ ಮೂರು ವರ್ಷಕ್ಕೆ ಕೇಳಿ, ವರ್ಷಕ್ಕೆ ಇಷ್ಟು ಏರಿಸೋದು ಅಂತ ಬರೆಸಿ. ಒಂದು ವರ್ಷ ಮೀರಿದ ಕರಾರನ್ನು ಸಬ್‌ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು. ಖರ್ಚು ಬರುತ್ತೆ, ಮಾಡಿಸಿ. ನಾನು ಕೇಳೋಕೆ ಎರಡು ತಿಂಗಳು ತಡ ಮಾಡಿದೆ. ಅಷ್ಟರಲ್ಲಿ ಬಾಡಿಗೆ 1,500 ಏರಿತ್ತು.