ಕುಚ್ಚಲಕ್ಕಿ ಬಿಡದೆ ಶುಗರ್ ಇಳಿಸಿದ್ದು

ಉಡುಪಿಯಲ್ಲಿ ಯಾರಿಗಾದರೂ ಶುಗರ್ ಬಂತು ಅಂದ್ರೆ ನೆಂಟರ ಮೊದಲ ಸಲಹೆ ಒಂದೇ: ಅನ್ನ ಬಿಟ್ಟು ಚಪಾತಿ ತಿನ್ನಿ. ನಾನು ಕುಚ್ಚಲಕ್ಕಿ (ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ) ಅನ್ನ ಬಿಡಲಿಲ್ಲ. ಗೋಧಿಯಲ್ಲೂ ಪಿಷ್ಟ ಇದೆ, ನಾಲ್ಕು ಚಪಾತಿ ತಿಂದರೆ ಶುಗರ್ ಏರಿಯೇ ಏರುತ್ತದೆ. ಬದಲಿಗೆ ಊಟದ ತಟ್ಟೆಯ ಲೆಕ್ಕ ಬದಲಾಯಿಸಿದೆ, ಊಟವಾದ ಕೂಡಲೇ ಕೂರುವುದನ್ನು ಬಿಟ್ಟೆ.

ಶುರುವಿನಲ್ಲಿ ನನ್ನ ಎಚ್‌ಬಿಎ1ಸಿ 7.6 ಇತ್ತು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಪರೀಕ್ಷೆ ಅದು. 6.5 ಮತ್ತು ಮೇಲಿದ್ದರೆ ಡಯಾಬಿಟಿಸ್. ಈಗ 6.4ರ ಆಸುಪಾಸಿನಲ್ಲಿದೆ. ಡಾಕ್ಟರ್ ಕೊಟ್ಟ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ತಪ್ಪದೆ ತಗೊಳ್ತೇನೆ. ಅದನ್ನು ಮುಚ್ಚಿಟ್ಟು ಬರೀ ಪಥ್ಯದಿಂದ ಇಳಿಯಿತು ಅನ್ನಲಾರೆ.

ನನಗೆ ಎಲ್ಲರಿಗಿಂತ ಜಾಸ್ತಿ ಕಲಿಸಿದ್ದು ಗ್ಲುಕೋಮೀಟರ್, ಮನೆಯಲ್ಲೇ ರಕ್ತದ ಸಕ್ಕರೆ ಅಳೆಯುವ ಸಣ್ಣ ಯಂತ್ರ. ಮೊದಲ ತುತ್ತು ಬಾಯಿಗಿಟ್ಟು ಎರಡು ಗಂಟೆ ಕಳೆದ ಮೇಲೆ ಬೆರಳು ಚುಚ್ಚಿ ನೋಡುವುದು. 180ರ ಒಳಗಿರಲಿ ಎಂದಿದ್ದರು ಡಾಕ್ಟರ್. ನೀರುದೋಸೆ, ಜೊತೆಗೆ ಕಾಯಿಬೆಲ್ಲ ತಿಂದ ದಿನ 220 ದಾಟಿತು. ಅದೇ ನೀರುದೋಸೆ ಎರಡು, ಒಂದು ಬಟ್ಟಲು ಕಡ್ಲೆ ಗಸಿ ಜೊತೆ ತಿಂದಾಗ 165. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅನ್ನುವ ಮಾತಿಗೆ ಆಮೇಲೆ ನಾನು ಕಿವಿ ಕೊಡಲಿಲ್ಲ.

ಗಂಜಿಯ ವಿಷಯ ಸ್ವಲ್ಪ ಸೂಕ್ಷ್ಮ. ಕುಚ್ಚಲಕ್ಕಿ ಅಂದ್ರೆ ಶುಗರಿಗೆ ಏನೂ ಆಗುವುದಿಲ್ಲ ಎಂದು ನಮ್ಮ ಕಡೆ ಬಹಳ ಮಂದಿ ನಂಬಿದ್ದಾರೆ. ಕುಚ್ಚಲಕ್ಕಿಯೂ ಅಕ್ಕಿಯೇ ಅಲ್ವಾ? ಮೆತ್ತಗೆ ಬೆಂದ ಗಂಜಿಯನ್ನು ಉಪ್ಪಿನಕಾಯಿ ನೆಕ್ಕಿ ಸುರಿದುಕೊಂಡರೆ ಬೇಗ ಜೀರ್ಣವಾಗಿ ಬೇಗ ರಕ್ತಕ್ಕೆ ಸೇರುತ್ತದೆ. ಈಗ ರಾತ್ರಿ ಗಂಜಿ ಒಂದು ಸೌಟು, ಹೆಸರುಕಾಳಿನ ಗಸಿ ಎರಡು ಸೌಟು, ಜೊತೆಗೆ ಹುರುಳಿ ಚಟ್ನಿ. ಹೊಟ್ಟೆಯೂ ತುಂಬುತ್ತದೆ.

ಮಧ್ಯಾಹ್ನ ತಟ್ಟೆಯ ಅರ್ಧ ಭಾಗ ತರಕಾರಿ: ಅಲಸಂಡೆ, ತೊಂಡೆಕಾಯಿ, ಬಸಳೆ, ಯಾವುದು ಸಿಕ್ಕಿತೋ ಅದು. ಕಾಲು ಭಾಗ ಬಂಗುಡೆ ಪುಳಿಮುಂಚಿ ಇಲ್ಲವೇ ಕಾಳು. ಉಳಿದ ಕಾಲು ಭಾಗ ಅನ್ನ. ತಿನ್ನುವಾಗ ಪಲ್ಯ, ಮೀನು ಮೊದಲು, ಅನ್ನ ಕೊನೆಗೆ. ಬರೀ ಈ ಕ್ರಮ ಬದಲಿಸಿದ್ದಕ್ಕೇ ಮೀಟರಿನಲ್ಲಿ ವ್ಯತ್ಯಾಸ ಕಂಡಿತು. ಮದುವೆ ಊಟದಲ್ಲೂ ಇದು ನಡೆಯುತ್ತದೆ. ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬೀಳುವುದು ನಮ್ಮ ಪುಣ್ಯ. ಬಡಿಸುವವರ ಒತ್ತಾಯ ಮಾತ್ರ ಕಷ್ಟ. ಅನ್ನ ಬರುವಾಗ ಕೈ ಅಡ್ಡ ಹಿಡಿಯಬೇಕು, ಬರೀ ಬಾಯಲ್ಲಿ ಸಾಕು ಅಂದ್ರೆ ಕೇಳುವುದಿಲ್ಲ. ಗೋಳಿಬಜೆ, ಬನ್ಸ್ ಅಪರೂಪಕ್ಕೆ. ಎರಡೂ ಮೈದಾ, ಬನ್ಸ್‌ಗೆ ಬಾಳೆಹಣ್ಣು ಸಕ್ಕರೆ ಬೇರೆ.

ಇನ್ನು ನಡಿಗೆ. ಬ್ಯಾಂಕ್ ಕೌಂಟರಿನಲ್ಲಿ ಇಡೀ ದಿನ ಕೂರುವ ಕೆಲಸ ನನ್ನದು. ಬೆಳಿಗ್ಗೆ ಅಜ್ಜರಕಾಡು ಮೈದಾನದಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ಅದಕ್ಕಿಂತ ಲಾಭ ಕಂಡದ್ದು ಊಟವಾದ ಮೇಲಿನ ಹತ್ತು-ಹದಿನೈದು ನಿಮಿಷದಲ್ಲಿ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಅತ್ತೆಗೆ ಇದು ಸರಿ ಕಾಣಲಿಲ್ಲ. "ಉಂಡ ಕೂಡಲೇ ನಡೆದ್ರೆ ಹೊಟ್ಟೆನೋವು ಬರ್ತದೆ ಮಾರಾಯ್ತಿ" ಅನ್ನುತ್ತಿದ್ದರು. ಓಡುವುದಲ್ಲ, ನಿಧಾನ ನಡೆಯುವುದು ಅಂತ ಅವರನ್ನೂ ಜೊತೆಗೆ ಕರಕೊಂಡೆ.

ಜೂನ್ ಬಂತೆಂದರೆ ಈ ವ್ಯವಸ್ಥೆಯೆಲ್ಲ ತಲೆಕೆಳಗು. ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡುವುದೇ ಕಷ್ಟ. ಆಗ ಜಗಲಿಯಲ್ಲೇ ಆಚೆ ಈಚೆ ನಡೆಯುತ್ತೇನೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು ಕೂಡ ವಾರಕ್ಕೆ ಎರಡು ಮೂರು ದಿನ. ಸ್ನಾಯುವಿಗೆ ಬಲ ಬಂದಷ್ಟೂ ಸಕ್ಕರೆಗೆ ಜಾಗ ಸಿಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕೆಲಸ: ಒದ್ದೆ ಕಾಲನ್ನು ಬೆರಳ ಸಂದಿಯವರೆಗೆ ಒರೆಸಿ, ಗಾಯ ಇದೆಯಾ ಅಂತ ದಿನಾ ನೋಡುವುದು. ಶುಗರ್ ಇದ್ದವರಿಗೆ ಕಾಲಿನ ಸ್ಪರ್ಶ ಕಡಿಮೆಯಾದರೆ ಸಣ್ಣ ಗಾಯ ಗೊತ್ತೇ ಆಗುವುದಿಲ್ಲ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಕಡಿಮೆ ಮಾಡಿ ನಡೆಯುವುದು ಬೇಡ, ಸಕ್ಕರೆ 70ರ ಕೆಳಗೆ ಇಳಿಯಬಹುದು. ಕೈ ನಡುಗಿ ಬೆವರಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಮಾತ್ರ ಇನ್ನೂ ಹಠ ಮಾಡುತ್ತಿದೆ, 115-120. ಬೆಳಗಿನ ಜಾವ ಲಿವರ್ ತಾನೇ ಸಕ್ಕರೆ ಬಿಡುತ್ತದಂತೆ. ಈಗ ರಾತ್ರಿ ಊಟವನ್ನು ಒಂಬತ್ತೂವರೆಯಿಂದ ಎಂಟಕ್ಕೆ ತಂದು ನೋಡುತ್ತಿದ್ದೇನೆ.